ಶಿರಸಿಯ ಮಳೆ ಎರಡು ಕಡಲಿಗೆ

ಹಾವೇರಿ ಸೀಮೆಯವರಾದ ನಮಗೆ ವರದೆ ಎಂದರೆ ಶ್ರಾವಣದಲ್ಲಿ ಹೊಲಕ್ಕೆ ನುಗ್ಗುವ, ಹೋಳಿ ಹುಣ್ಣಿಮೆಯ ಹೊತ್ತಿಗೆ ಉಸುಕು ತೋರಿಸುವ ಹೊಳೆ. ಶಿರಸಿ ಸೀಮೆಯ ಕಡೆಯಿಂದ ಅರಬ್ಬೀ ಸಮುದ್ರಕ್ಕೆ ಹರಿಯುವ ಬೇಡ್ತಿ ಹೊಳೆಯ ನೀರನ್ನು ತಿರುಗಿಸಿ ಈ ವರದೆಗೆ ತರಬೇಕೆಂಬ ಮಾತು ನಮ್ಮ ಕಡೆ ಬಹಳ ಕಾಲದಿಂದ ಇದೆ. ಚುನಾವಣೆ ಬಂದಾಗ ಅದು ಜೋರಾಗುತ್ತದೆ. ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದ ನನ್ನ ಅಕ್ಕನಿಗೆ ಈ ಚರ್ಚೆ ಕೇಳಿದಾಗಲೆಲ್ಲ ತಳಮಳ. "ನೀರು ಕೇಳುವ ಮೊದಲು ಆ ನೀರಿನ ಊರನ್ನು ಒಮ್ಮೆ ನೋಡಿ ಬರಬೇಡವೇ?" ಎಂದು ಅವಳೇ ಹೊರಡಿಸಿದಳು. ಕಾರ್ತಿಕ ಮುಗಿದು ಮಾರ್ಗಶಿರ ಹಿಡಿದಿತ್ತು. ಮಳೆಗಾಲದ ಜಿಗಣೆಗಳ ಕಾಟ ಕಳೆದಿರುತ್ತದೆ, ಜಲಪಾತಗಳಲ್ಲಿ ನೀರೂ ಉಳಿದಿರುತ್ತದೆ. ಶಿರಸಿ ಸೀಮೆಗೆ ಹೋಗಲು ಇದಕ್ಕಿಂತ ಒಳ್ಳೆಯ ಕಾಲ ನನಗೆ ತೋಚುವುದಿಲ್ಲ.

ಶುಕ್ರವಾರ: ಹಾನಗಲ್ ದಾಟಿದ ಮೇಲೆ

ಬಸ್ಸಿನಲ್ಲಿ ಬಲಗಡೆಯ ಕಿಟಕಿ ಸಿಕ್ಕಿತು. ಹಾನಗಲ್ಲಿನವರೆಗೂ ತೆನೆ ಮುರಿದು ರಾಶಿ ಹಾಕಿದ ಗೋವಿನಜೋಳದ ಹೊಲಗಳು, ರಸ್ತೆಯ ಅಂಚಿನಲ್ಲೇ ಒಣಗುತ್ತಿದ್ದ ಕಾಳು. ಹಾನಗಲ್ ಕದಂಬರ ಒಂದು ಶಾಖೆ ಆಳಿದ ಊರು. ತಾರಕೇಶ್ವರ ದೇವಾಲಯದ ಕಮಲದ ಛತ್ತು ನೋಡದವರು ಅಲ್ಲಿ ಇಳಿದು ಒಂದು ತಾಸು ಕಳೆಯಬೇಕು. ನಾವು ನೋಡಿದ್ದರಿಂದ ಇಳಿಯಲಿಲ್ಲ. ಅಲ್ಲಿಂದ ಮುಂದೆ ಮಾವಿನ ತೋಪು, ಕೊಯ್ಲಿಗೆ ಬಂದ ಭತ್ತದ ಗದ್ದೆ, ಆಮೇಲೆ ನಿಧಾನವಾಗಿ ಸಾಗವಾನಿಯ ಕಾಡು. ಮಣ್ಣಿನ ಬಣ್ಣ ಕೆಂಪಿಗೆ ತಿರುಗಿದ್ದು ಎಲ್ಲಿ ಎಂದು ಹೇಳಲಾಗದಷ್ಟು ಮೆಲ್ಲಗೆ ತಿರುಗಿತು.

ನಾನು ಮಲೆನಾಡಿಗೆ ಹತ್ತುತ್ತಿದ್ದೇವೆ ಎಂದುಕೊಂಡಿದ್ದೆ. ಅಕ್ಕ ತಲೆಯಾಡಿಸಿದಳು. "ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್. ನಮ್ಮ ಹಾವೇರಿಯೂ ಹೆಚ್ಚುಕಡಿಮೆ ಅಷ್ಟೇ. ಇದು ಒಂದೇ ಹಾಸು. ಘಟ್ಟ ಇರುವುದು ಶಿರಸಿಯ ಆಚೆಗೆ, ಕಡಲಿನ ಕಡೆಗೆ." ಎತ್ತರ ಒಂದೇ ಆದರೂ ಮಳೆ ಒಂದೇ ಅಲ್ಲ. ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟದ ಅಂಚಿನಲ್ಲಿ ತನ್ನ ಭಾರವನ್ನೆಲ್ಲ ಇಳಿಸಿ, ಉಳಿದಷ್ಟನ್ನು ಹೊತ್ತು ನಮ್ಮ ಕಡೆ ಬರುತ್ತದೆ. ಶಿರಸಿಗೆ ಬೀಳುವ ಮಳೆಯ ಮೂರನೆಯ ಒಂದು ಪಾಲು ನಮಗೆ ಸಿಕ್ಕರೆ ಅದು ಒಳ್ಳೆಯ ವರ್ಷ.

ಮಧ್ಯಾಹ್ನ ಮಾರಿಕಾಂಬೆಯ ಗುಡಿಗೆ ಹೋದೆವು. 1688ರಲ್ಲಿ ಪ್ರತಿಷ್ಠಾಪನೆಯಾದ ದೇವಿ. ಮರದಲ್ಲಿ ಕಡೆದ ಏಳು ಅಡಿಯ ಮೂರ್ತಿ, ಎಂಟು ಕೈ, ಕೆಂಪು ಮೈ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ನಮ್ಮ ಅಜ್ಜಿ ಶಿರಸಿ ಎನ್ನುತ್ತಲೇ ಇರಲಿಲ್ಲ, ಮಾರೆಮ್ಮನ ಊರು ಎನ್ನುತ್ತಿದ್ದಳು. ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದಾಗ, ಪ್ರಾಣಿಬಲಿ ಇರುವ ಗುಡಿಗೆ ಬರಲು ಒಪ್ಪಲಿಲ್ಲ. ಆಮೇಲೆ ಊರಿನ ಗಾಂಧಿವಾದಿಗಳು ಜನರ ಮನ ಒಲಿಸಿ ಕೋಣನ ಬಲಿಯನ್ನು ನಿಲ್ಲಿಸಿದರು. ನೂರಾರು ವರ್ಷದ ನಡವಳಿಕೆಯನ್ನು ಊರವರೇ ಕೂಡಿ ಮಾತಾಡಿ ಬದಲಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಗುಡಿಯ ಗೋಡೆಗಳ ಮೇಲಿನ ಕಾವಿ ಚಿತ್ರಗಳನ್ನು ಮರೆಯದೆ ನೋಡಿ. ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನ ಬಣ್ಣ, ಎರಡೇ ಬಣ್ಣದಲ್ಲಿ ಇಡೀ ಪುರಾಣ. ಜನ ದರ್ಶನದ ಸಾಲಿನಲ್ಲಿ ಮುಂದೆ ನೋಡುತ್ತಾರೆಯೇ ಹೊರತು ಪಕ್ಕದ ಗೋಡೆಯನ್ನು ನೋಡುವುದಿಲ್ಲ.

ಸಂಜೆ ಅಕ್ಕ ನನ್ನನ್ನು ಶಂಕರಹೊಂಡಕ್ಕೆ ಕರೆದೊಯ್ದಳು. ಊರಿನ ನಡುವಿನ ಕಲ್ಲುಮೆಟ್ಟಿಲಿನ ಒಂದು ಹೊಂಡ. ಅಘನಾಶಿನಿಯ ಮೂಲ ಇದು ಎನ್ನುತ್ತಾರೆ, ಮಂಜುಗುಣಿಯ ಕಡೆಯಿಂದ ಇನ್ನೊಂದು ಕವಲು ಬಂದು ಸೇರುತ್ತದೆ. ಹೊಂಡದ ಕಟ್ಟೆಯ ಮೇಲೆ ಕವಳ ಹಾಕುತ್ತ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಮಾತಿನ ಧಾಟಿ ಕೇಳಿಯೇ "ಬಯಲುಸೀಮೆಯವರೋ?" ಎಂದರು. ಹೌದು ಎಂದೆವು. "ಹಾಗಾದರೆ ನಾಳೆ ಬನವಾಸಿಗೆ ಹೋಗಿ. ನಿಮ್ಮ ಕಡೆ ಹೋಗುವ ನೀರು ಅಲ್ಲಿದೆ. ಇಲ್ಲಿರುವುದು ಕೆಳಗೆ ಹೋಗುವ ನೀರು." ಇಲ್ಲಿಯವರಿಗೆ ಕೆಳಗೆ ಎಂದರೆ ಕುಮಟಾ, ಅಂಕೋಲಾ, ಕಡಲತೀರ.

ಶನಿವಾರ: ಬನವಾಸಿಯ ಬಾಗಿನಲ್ಲಿ

ಶಿರಸಿಯಿಂದ ಬನವಾಸಿಗೆ ಬಸ್ಸಿನಲ್ಲಿ ಮುಕ್ಕಾಲು ತಾಸು. ದಾರಿಯ ಬದಿಯ ತೊರೆಗಳನ್ನೇ ಅಕ್ಕ ನೋಡುತ್ತಿದ್ದಳು. ಎಲ್ಲೋ ಒಂದು ಕಡೆ ಅವು ದಿಕ್ಕು ಬದಲಿಸುತ್ತವೆ. ಅಲ್ಲಿ ಬೋರ್ಡಿಲ್ಲ, ಬೆಟ್ಟವಿಲ್ಲ, ಕಣ್ಣಿಗೆ ಕಾಣುವ ದಿಬ್ಬವೂ ಇಲ್ಲ. ಆದರೆ ಅದರ ಈಚೆ ಬಿದ್ದ ಹನಿ ಅರಬ್ಬೀ ಸಮುದ್ರಕ್ಕೆ, ಆಚೆ ಬಿದ್ದ ಹನಿ ವರದೆಗೆ. ಆ ಹನಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಡಿಕೆ ತೋಟ ತೆಳುವಾಗುತ್ತ, ಅನಾನಸಿನ ಹೊಲಗಳು ಹೆಚ್ಚಾಗುತ್ತ ಬಂದಾಗ "ದಾಟಿದೆವು" ಎಂದಳು. ಸಾಲು ಸಾಲಾಗಿ ನೆಟ್ಟ ಅನಾನಸು ಬನವಾಸಿಯ ಈಗಿನ ಹೆಸರುವಾಸಿ ಬೆಳೆ.

ವರದೆ ಇಲ್ಲಿ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಸಾಗರದ ಬಳಿ ಇಕ್ಕೇರಿಯ ಹತ್ತಿರದ ವರದಾಮೂಲದಲ್ಲಿ ಹುಟ್ಟಿ ಬಂದ ನದಿ, ತುಂಬು ಹರಿವಿನಲ್ಲಿತ್ತು. ಮಾರ್ಗಶಿರದಲ್ಲಿ ಇಷ್ಟು ನೀರಿರುವ ವರದೆಯನ್ನು ನಾನು ನಮ್ಮೂರಿನಲ್ಲಿ ಕಂಡಿಲ್ಲ. ಕಾಲು ಇಳಿಬಿಟ್ಟು ಬಹಳ ಹೊತ್ತು ಕುಳಿತೆ.

ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮ ಇಲ್ಲಿ ರಾಜ್ಯ ಕಟ್ಟಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಮಧುಕೇಶ್ವರ ದೇವಾಲಯದ ಆವರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕದಂಬರಿಗಿಂತ ಹಿಂದಿನ ಒಂದು ಕಲ್ಲು: ಐದು ಹೆಡೆಯ ನಾಗ, ಅಂಚಿನಲ್ಲಿ ಪ್ರಾಕೃತದ ಬರಹ. ಚುಟು ವಂಶದ ಸಾತಕರ್ಣಿಯ ಮಗಳು ನಾಗಶ್ರೀ ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿಕೊಟ್ಟಳೆಂದು ಅದು ಹೇಳುತ್ತದೆ. ಮೂರು ಕಡೆ ಹೊಳೆ ಇರುವ ಊರಿನಲ್ಲೂ ಒಬ್ಬ ಹೆಣ್ಣುಮಗಳು ಕೆರೆ ತೋಡಿಸಿದ್ದಾಳೆ! ಅಕ್ಕ ಆ ಬರಹದ ಮುಂದಿನಿಂದ ಕದಲಲೇ ಇಲ್ಲ. ಹೊಳೆ ಇದ್ದರೆ ಸಾಲದು, ಬಿದ್ದ ನೀರನ್ನು ಹಿಡಿದಿಡಬೇಕು ಎಂದು ಆ ಕಾಲದವರಿಗೆ ಗೊತ್ತಿತ್ತಲ್ಲ ಎಂದಳು.

ಒಳಗೆ ಸೋದೆಯ ಅರಸರು ಮಾಡಿಸಿಕೊಟ್ಟ ಕಲ್ಲಿನ ಮಂಚವಿದೆ. ಅದರ ಕಂಬಗಳ ಕುಸುರಿ ಮರದ ಕೆಲಸ ಎನ್ನುವಷ್ಟು ನವುರು. ಬನವಾಸಿಯಲ್ಲಿ ದೊಡ್ಡ ಹೋಟೆಲುಗಳಿಲ್ಲ. ರಥಬೀದಿಯ ಪುಟ್ಟ ಖಾನಾವಳಿಯೊಂದರಲ್ಲಿ ಅನ್ನ, ಸಾರು, ಸೌತೆಕಾಯಿ ಪಲ್ಯ ಸಿಕ್ಕಿತು. ಕೊನೆಗೆ ಉಪ್ಪು ಖಾರ ಸವರಿದ ಅನಾನಸಿನ ಹೋಳನ್ನು ಬಡಿಸಿದವರೇ ತಂದಿಟ್ಟರು, ಅದಕ್ಕೆ ದುಡ್ಡು ಬೇಡವೆಂದರು.

ರವಿವಾರ: ಸೋಂದಾ, ಶಾಲ್ಮಲೆ ಮತ್ತು ಅಕಾಲದ ಮಳೆ

ಈ ದಿನಕ್ಕಾಗಿ ಒಂದು ಬಾಡಿಗೆ ಕಾರು ಹಿಡಿದೆವು. ಸೋಂದಾದ (ಸೋದೆ, ಸ್ವಾದಿ ಎಂದರೂ ಇದೇ ಊರು) ಸ್ಥಳಗಳು ಅಲ್ಲಲ್ಲಿ ಚದುರಿವೆ, ಬಸ್ಸು ನಂಬಿದರೆ ಒಂದನ್ನೇ ನೋಡಲು ಆದೀತು.

ಸಹಸ್ರಲಿಂಗಕ್ಕೆ ಬೆಳಿಗ್ಗೆ ಎಂಟರೊಳಗೆ ತಲುಪಿದೆವು. ಮಂಜು ಇನ್ನೂ ಹೊಳೆಯ ಮೇಲಿಂದ ಎದ್ದಿರಲಿಲ್ಲ. ಶಾಲ್ಮಲೆಯ ಒಡಲಿನ ಬಂಡೆ ಬಂಡೆಗೂ ಲಿಂಗ, ಲಿಂಗದ ಮುಂದೆ ನಂದಿ. ಸೋದೆಯನ್ನು 1678ರಿಂದ 1718ರವರೆಗೆ ಆಳಿದ ಸದಾಶಿವರಾಯ ಕೆತ್ತಿಸಿದ್ದೆಂದು ಹೇಳುತ್ತಾರೆ. ಕೆಲವು ಅಂಗೈಯಷ್ಟು, ಕೆಲವಕ್ಕೆ ಎರಡು ತೋಳು ಚಾಚಿದರೂ ಸಾಲದು. ಮಾರ್ಗಶಿರದಲ್ಲಿ ಅರ್ಧದಷ್ಟು ಇನ್ನೂ ನೀರಿನ ಕೆಳಗಿರುತ್ತವೆ. ಎಲ್ಲವನ್ನೂ ಕಾಣಬೇಕಾದರೆ ಶಿವರಾತ್ರಿಯ ಹೊತ್ತಿಗೆ ಬರಬೇಕು, ಆಗ ಜನಸಾಗರವೂ ಇರುತ್ತದೆ. ಬಂಡೆಗಳ ಮೇಲೆ ಪಾಚಿ, ಬರಿಗಾಲಲ್ಲಿ ನಡೆಯುವುದೇ ಕ್ಷೇಮ. ತೂಗುಸೇತುವೆಯ ಮೇಲೆ ನಿಂತು ನೋಡಿದರೆ ಮೂರ್ತಿಗಳ ಮೇಲೆ ನೀರು ಹಾಯುವ ರೀತಿ ಚೆನ್ನಾಗಿ ಕಾಣುತ್ತದೆ. ಇಲ್ಲಿ ಅಭಿಷೇಕಕ್ಕೆ ಅರ್ಚಕರೇ ಬೇಡ.

ಇದೇ ಶಾಲ್ಮಲೆಗೂ ಪಟ್ಟಣದ ಹಳ್ಳಕ್ಕೂ ಒಡ್ಡು ಕಟ್ಟಿ, ನೀರೆತ್ತಿ ವರದೆಗೆ ಸಾಗಿಸುವುದು ಬೇಡ್ತಿ-ವರದಾ ಜೋಡಣೆಯ ಯೋಜನೆ. ಎರಡೂ ಬೇಡ್ತಿಯ ಉಪನದಿಗಳು. ನಕ್ಷೆಯಲ್ಲಿ ನೋಡುವಾಗ ಅದು ಗೆರೆಯಿಂದ ಗೆರೆಗೆ ಎಳೆದ ಇನ್ನೊಂದು ಗೆರೆ. ಇಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಾಗ, ನಾವು ಊರಲ್ಲಿ "ಸುಮ್ಮನೆ ಸಮುದ್ರಕ್ಕೆ ಹೋಗುವ ನೀರು" ಎಂದು ಆಡುತ್ತಿದ್ದ ಮಾತು ನನ್ನ ಬಾಯಿಗೆ ಬರಲಿಲ್ಲ.

ಸೋದೆ ಒಂದು ಕಾಲಕ್ಕೆ ಮೆಣಸಿನ ರಾಜ್ಯ. ಘಟ್ಟದ ಮೇಲಿನ ತೋಟಗಳ ಕಾಳುಮೆಣಸು ಕಣಿವೆಗಳನ್ನು ಹಿಡಿದು ಕಡಲಿಗೆ ಇಳಿಯುತ್ತಿತ್ತು, ಪೋರ್ಚುಗೀಸರು ಅದಕ್ಕಾಗಿ ಕಾದಿರುತ್ತಿದ್ದರು. ಆ ಸಂಪತ್ತಿನ ನೆರಳಿನಲ್ಲಿ ಮೂರು ಪರಂಪರೆಯ ಮಠಗಳು ಒಂದೇ ಊರಿನ ಸುತ್ತ ಬೆಳೆದವು: ವಾದಿರಾಜರ ಮಾಧ್ವ ಮಠ, ಅದ್ವೈತದ ಸ್ವರ್ಣವಲ್ಲಿ ಮಠ, ಸ್ವಾದಿಯ ಜೈನ ಮಠ. ಅರಸಪ್ಪ ನಾಯಕ ವಾದಿರಾಜರಿಗೆ ಆಶ್ರಯ ಕೊಟ್ಟ. 1480ರಲ್ಲಿ ಹುಟ್ಟಿದ ಅವರು 1600ರಲ್ಲಿ ಇಲ್ಲಿಯೇ ವೃಂದಾವನಸ್ಥರಾದರು ಎಂದು ಮಠದ ಪರಂಪರೆ ಹೇಳುತ್ತದೆ. ಮಧ್ಯಾಹ್ನದ ಪಂಕ್ತಿಯಲ್ಲಿ ಎಲೆಯ ಮೇಲೆ ಹಯಗ್ರೀವ ಬಿತ್ತು. ಬೆಂದ ಕಡಲೆಬೇಳೆ, ಬೆಲ್ಲ, ಕಾಯಿತುರಿ, ತುಪ್ಪ. ವಾದಿರಾಜರು ಹಯಗ್ರೀವನಿಗೆ ಅರ್ಪಿಸುತ್ತಿದ್ದ ನೈವೇದ್ಯವನ್ನು ಅವರ ಊರಿನಲ್ಲೇ ಉಣ್ಣುವುದಕ್ಕೆ ಬೇರೆಯೇ ರುಚಿ.

ಕೋಟೆಯಲ್ಲಿ ಈಗ ಉಳಿದಿರುವುದು ಗೋಡೆಯ ಸಾಲು ಮತ್ತು ಕಾಡು. 1760ರ ದಶಕದಲ್ಲಿ ಹೈದರಾಲಿಯ ಸೇನೆ ಬಂದಾಗ ಸೋದೆಯ ಅರಸ ಗೋವೆಗೆ ಓಡಿಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಅವನ ವಶದಲ್ಲಿದ್ದ ಪೊಂಡಾ, ಕಾಣಕೋಣದ ಭಾಗಗಳು ಕ್ರಮೇಣ ಪೋರ್ಚುಗೀಸರ ಪಾಲಾದವು. ಇಂದಿನ ಗೋವೆಯ ಒಂದು ದೊಡ್ಡ ತುಂಡು ಒಂದು ಕಾಲಕ್ಕೆ ಈ ಕಾಡೂರಿನಿಂದ ಆಳಿಸಿಕೊಳ್ಳುತ್ತಿತ್ತು. ಹಂಪಿಗೆ, ಬಾದಾಮಿಗೆ ಶಾಲೆ ಮಕ್ಕಳನ್ನು ಕರೆದೊಯ್ಯುವ ನಾವು ಸೋದೆಯನ್ನು ಏಕೆ ಬಿಟ್ಟುಬಿಡುತ್ತೇವೋ!

ಮೂರು ಗಂಟೆಯ ಸುಮಾರಿಗೆ ಹಿಂದಿರುಗುವಾಗ ಪಶ್ಚಿಮದ ಆಕಾಶ ಕಪ್ಪಾಯಿತು. ಒಂದು ತಿರುವಿನಲ್ಲಿ ಕಾರಿನ ಚಕ್ರ ಪಂಕ್ಚರ್ ಆಯಿತು. ಚಾಲಕ ಚಕ್ರ ಬದಲಿಸುತ್ತಿರುವಾಗ ತುಸು ಕೆಳಗಿನ ಮನೆಯಿಂದ ಕೂಗು ಕೇಳಿತು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಮನೆಯ ಯಜಮಾನರು, ಅವರ ಹೆಂಡತಿ, ಕೆಲಸದ ಇಬ್ಬರು ಹೆಂಗಸರು ಓಡಾಡಿ ಬಳಿಯುತ್ತಿದ್ದರು. ನಾವಿಬ್ಬರೂ ಏನೂ ಕೇಳದೆ ಸೆರಗು ಸಿಕ್ಕಿಸಿಕೊಂಡು ಇಳಿದೆವು. ಬುಟ್ಟಿ, ಮೊರ, ಗೋಣಿಚೀಲ, ಕೈಗೆ ಸಿಕ್ಕದ್ದರಲ್ಲೆಲ್ಲ ತುಂಬಿ ಜಗಲಿಗೆ ಸುರಿದೆವು. ಕೊನೆಯ ಬುಟ್ಟಿ ಒಳಗೆ ಬರುವಷ್ಟರಲ್ಲಿ ಹನಿಗಳು ದಪ್ಪ ದಪ್ಪಗೆ ಬಿದ್ದವು. ನಮ್ಮ ಕೈಗಳೆಲ್ಲ ಕೆಂಪಾಗಿದ್ದವು. ಆ ಬಣ್ಣ ಊರಿಗೆ ಮರಳಿದ ಮೇಲೂ ಉಗುರಿನ ಸಂದಿಯಲ್ಲಿ ಉಳಿದಿತ್ತು.

"ಅಕ್ಕ, ಒಳಗೆ ಬನ್ನಿ, ಆಸರಿಗೆ ಏನು ಮಾಡಲಿ?" ಎಂದರು ಆ ಮನೆಯಾಕೆ. ಮೊದಲು ಬೆಲ್ಲ, ನೀರು. ಆಮೇಲೆ ಕಾದ ಕಾವಲಿಯ ಮೇಲಿಂದ ಒಂದೊಂದೇ ಬಂದ ತೆಳ್ಳೇವು ಎಂಬ ತೆಳು ದೋಸೆ, ಅದರ ಜೊತೆಗೆ ಜೋನಿ ಬೆಲ್ಲ, ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ. ಆ ಮಿಡಿಯ ಪರಿಮಳ ಅದನ್ನು ಬಾಯಿಗಿಡುವ ಮೊದಲೇ ಮೂಗಿಗೆ ಬಂದಿತ್ತು. ಹೊಳೆಯ ದಂಡೆಯ ಕಾಡುಮಾವಿನ ಮರಗಳ ಮಿಡಿ ಅದು. ಮರ ಉಳಿದರೆ ಉಪ್ಪಿನಕಾಯಿ ಎಂದು ಆಕೆ ಹೇಳಿದರು.

ಮಳೆ ನಿಲ್ಲುವವರೆಗೆ ಯಜಮಾನರು ಅಡಿಕೆಯ ಕಷ್ಟ ಹೇಳಿಕೊಂಡರು. ಮಳೆಗಾಲದಲ್ಲಿ ಕೊಳೆರೋಗ, ಅದಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರಿಲ್ಲ. ಕೊಯ್ಲಿಗೆ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಸಿಗುವುದಿಲ್ಲ, ಸಿಕ್ಕರೆ ಮಳೆ ಬಿಡುವುದಿಲ್ಲ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ಸಿಕ್ಕಿದೆ, 1923ರಲ್ಲಿ ಬೆಳೆಗಾರರೇ ಕಟ್ಟಿಕೊಂಡ ತೋಟಗಾರರ ಸಹಕಾರಿ ಮಾರಾಟ ಸಂಘ ಇಂದಿಗೂ ಬೆನ್ನಿಗಿದೆ. ಆದರೆ ತೋಟಕ್ಕೆ ನಿಜವಾದ ಬೆನ್ನೆಲುಬು ಮೇಲಿನ ಬೆಟ್ಟ ಎಂದರು. ತೋಟಕ್ಕೆ ಹಾಕುವ ಸೊಪ್ಪು, ದರಕು (ಒಣ ಎಲೆ) ಆ ಸೊಪ್ಪಿನ ಬೆಟ್ಟದಿಂದ. ತೋಟದ ಕಾಲುವೆಗೆ ಬೇಸಿಗೆಯಲ್ಲಿ ಜಿನುಗುವ ನೀರೂ ಅಲ್ಲಿಂದಲೇ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಾಸೆ ಕಾಡಿನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದರಲ್ಲ, ಅಪ್ಪಿಕೋ ಚಳವಳಿ, ಅದಕ್ಕೆ ಕಾರಣ ಇದೇ ಲೆಕ್ಕಾಚಾರ. ಅದಕ್ಕೂ ಮೊದಲು ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಬರುತ್ತದೆ ಎಂದಾಗ ಅಡಿಕೆ ಬೆಳೆಗಾರರು ವಿಜ್ಞಾನಿಗಳನ್ನೇ ಶಿರಸಿಗೆ ಕರೆಸಿ ಲಾಭ ನಷ್ಟ ಅಳೆಸಿದ್ದರು. ಆ ಯೋಜನೆ ನಿಂತಿತು.

ನಾವು ಹಾವೇರಿಯವರು ಎಂದು ಆಗ ಹೇಳಿದೆವು. ಅವರ ಮುಖ ಬದಲಾಗಲಿಲ್ಲ. "ನಿಮಗೆ ನೀರಿನ ಕಷ್ಟ ಇದೆ, ಸುಳ್ಳಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ಒಮ್ಮೆ ಬಂದು ಈ ಹೊಳೆ ನೋಡಿ. ನಮಗೇ ಟ್ಯಾಂಕರ್ ಬರುತ್ತದೆ. ಮಳೆಗಾಲದ ನೀರು ಒಯ್ಯುತ್ತೇವೆ ಎನ್ನುತ್ತಾರೆ. ಮಳೆಗಾಲದಲ್ಲಿ ವರದೆಯೂ ತುಂಬಿಯೇ ಇರುತ್ತದಲ್ಲ?" ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ.

ಸೋಮವಾರ: ಕೆಪ್ಪ ಜೋಗ

ಉಂಚಳ್ಳಿ ಜಲಪಾತಕ್ಕೆ ಹೆಗ್ಗರಣೆಯ ಮೇಲಿಂದ ದಾರಿ. ಕೊನೆಯ ಹಾದಿ ಕಾಡಿನ ನಡುವಿನದು, ಹಿಂದಿನ ದಿನದ ಮಳೆಗೆ ಕೆಸರಾಗಿತ್ತು. ಸಂಜೆ ತಡವಾದರೆ ಮರಳಲು ವಾಹನ ಸಿಗುವುದಿಲ್ಲ, ಬೆಳಿಗ್ಗೆಯೇ ಹೋಗುವುದು ಜಾಣತನ. ಶಂಕರಹೊಂಡದಲ್ಲಿ ಕದಲದೆ ನಿಂತಿದ್ದ ಅಘನಾಶಿನಿ ಇಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. 1845ರಲ್ಲಿ ಇದನ್ನು ಕಂಡ ಜಿಲ್ಲಾಧಿಕಾರಿ ಲುಷಿಂಗ್ಟನ್ನನ ಹೆಸರು ಇಂಗ್ಲಿಷಿನ ಬರಹಗಳಲ್ಲಿ ಉಳಿದಿದೆ. ಊರವರಿಗೆ ಮಾತ್ರ ಇದು ಕೆಪ್ಪ ಜೋಗ. ಮೆಟ್ಟಿಲಿಳಿದು ಕೆಳಗಿನ ಕಟ್ಟೆಗೆ ಹೋದಾಗ ಅಕ್ಕ ಕಿವಿಯ ಬಳಿ ಬಂದು ಏನೋ ಕೂಗಿದಳು, ಒಂದಕ್ಷರವೂ ಕೇಳಲಿಲ್ಲ. ಹೆಸರಿಟ್ಟವರಿಗೆ ಸರಿಯಾದ ಕಿವಿಯಿತ್ತು.

ಶಿರಸಿಯ ಪ್ರಸ್ಥಭೂಮಿ ಎಲ್ಲಿ ಮುಗಿಯುತ್ತದೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಕಣಿವೆಯ ಆಚೆ ನೀಲಿ ನೀಲಿ ಬೆಟ್ಟಗಳು ಕಡಲಿನತ್ತ ಇಳಿಯುತ್ತವೆ. ನಡುವೆ ಒಂದೂ ಅಣೆಕಟ್ಟಿಲ್ಲ. ಶರಾವತಿ, ಕಾಳಿ ಎರಡೂ ಕಟ್ಟಿಸಿಕೊಂಡ ಜಿಲ್ಲೆಯಲ್ಲಿ ಹುಟ್ಟಿದ ಕಡೆಯಿಂದ ಕಡಲಿನವರೆಗೆ ತನ್ನ ಇಚ್ಛೆಯಂತೆ ಹರಿಯುತ್ತಿರುವ ಹೊಳೆ ಇದು.

ಮಂಗಳವಾರ: ಅಳಿವೆಯವರೆಗೆ

ದೇವಿಮನೆ ಘಟ್ಟ ಇಳಿದೆವು. ರಸ್ತೆ ಅಗಲೀಕರಣದ ಧೂಳು, ಅಲ್ಲಲ್ಲಿ ತಡೆ. ಹೊರಡುವ ಮೊದಲು ಬಸ್ ನಿಲ್ದಾಣದಲ್ಲಿ ದಾರಿ ತೆರೆದಿದೆಯೇ ಎಂದು ಕೇಳಿಕೊಳ್ಳಬೇಕು. ಕುಮಟೆಯಲ್ಲಿ ಇಳಿದೊಡನೆ ಸೆಕೆ. ಸ್ವೆಟರು ಚೀಲ ಸೇರಿತು.

ಮಿರ್ಜಾನಿನ ಜಂಬಿಟ್ಟಿಗೆಯ ಕೋಟೆ ಹೆದ್ದಾರಿಯ ಪಕ್ಕದಲ್ಲೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಅವಳ ಹೆಸರಿನ ಜೊತೆ ಬೆಸೆದುಕೊಂಡ ಕೋಟೆ ಇದು. ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಕೋಟೆಯ ಬದಿಯಲ್ಲೇ ಅಘನಾಶಿನಿ, ಹಾಯಿಹಡಗಿಗೆ ಮೆಣಸು ತುಂಬುತ್ತಿದ್ದ ಕಾಲದ ಹೆದ್ದಾರಿ. ಘಟ್ಟದ ಮೇಲೆ ಕಂಡ ಮೆಣಸಿನ ಬಳ್ಳಿಗೂ ಈ ಗೋಡೆಗೂ ನಡುವಿನ ನಂಟು ಹೊಳೆಯನ್ನು ಹಿಡಿದು ಇಳಿದು ಬಂದವರಿಗೆ ಬೇಗ ಹೊಳೆಯುತ್ತದೆ.

ಊಟದ ನಂತರ ತದಡಿಯಿಂದ ಅಘನಾಶಿನಿ ಹಳ್ಳಿಗೆ ದೋಣಿ ಹತ್ತಿದೆವು. ಇಳಿತದ ಹೊತ್ತು. ಕೆಸರಿನ ದಿಬ್ಬಗಳ ಮೇಲೆ ಹೆಂಗಸರು, ಗಂಡಸರು ಬಗ್ಗಿ ಬಳಚು ಎಂಬ ಚಿಪ್ಪಿನ ಜೀವಿಗಳನ್ನು ಹೆಕ್ಕುತ್ತಿದ್ದರು. ದೋಣಿಯಲ್ಲಿ ನಮ್ಮ ಪಕ್ಕ ಕುಳಿತ ಹೆಂಗಸಿನ ಬುಟ್ಟಿಯಲ್ಲೂ ಬಳಚೇ. ಅಳಿವೆಯ ಒಳಗಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆಂದು ಅಕ್ಕ ಓದಿದ್ದಳು, ಅದನ್ನೇ ಆಕೆಯನ್ನು ಕೇಳಿದಳು.

"ಮಾಣಿಕಟ್ಟದ ಕಡೆ ಈಗಲೂ ಬೆಳೆಯುತ್ತಾರೆ, ಅಮ್ಮ. ಅದಕ್ಕೆ ಮಳೆಗಾಲದ ಸಿಹಿನೀರು ಬಂದು ಉಪ್ಪು ತೊಳೆಯಬೇಕು. ನೀರು ಕಡಿಮೆ ಬಂದ ವರ್ಷ ಕಗ್ಗವೂ ಏಳುವುದಿಲ್ಲ. ಬಳಚಿಗೂ ಅಷ್ಟೇ. ಪೂರ್ತಿ ಉಪ್ಪಾದರೂ ಆಗುವುದಿಲ್ಲ, ಪೂರ್ತಿ ಸಿಹಿಯಾದರೂ ಆಗುವುದಿಲ್ಲ. ಮೇಲಿನಿಂದ ಹೊಳೆ ಬರಬೇಕು, ಕೆಳಗಿನಿಂದ ಕಡಲು ಬರಬೇಕು."

ಸಮುದ್ರಕ್ಕೆ ಹೋಗಿ ವ್ಯರ್ಥವಾಗುವ ನೀರು ಎಂಬುದಕ್ಕೆ ಅರ್ಥವೇ ಇಲ್ಲವೆಂದು ನನಗೆ ಮನದಟ್ಟಾದದ್ದು ಆ ದೋಣಿಯಲ್ಲಿ. ಅಘನಾಶಿನಿಗೆ ನಿಜವಾದದ್ದು ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಸೇರುವ ಬೇಡ್ತಿಗೂ ನಿಜವೇ. ನಮ್ಮ ಕಡೆಯ ಬಾಯಾರಿಕೆಯೂ ನಿಜ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಸೊಪ್ಪಿನ ಬೆಟ್ಟವನ್ನೂ ಗಜನಿ ಗದ್ದೆಯನ್ನೂ ಒಣಗಿಸಿ ತಂದ ನೀರಿನಲ್ಲಿ ನಮ್ಮ ಗೋವಿನಜೋಳ ತೊಯ್ಯಬೇಕೆಂದು ನಾನು ಕೇಳಲಾರೆ. ಹಾನಗಲ್ ತಾಲ್ಲೂಕಿನ ಹೂಳು ತುಂಬಿದ ಕೆರೆಗಳಿಗೆ ಮೊದಲು ಮಳೆಗಾಲದ ವರದೆಯ ನೀರನ್ನೇ ತುಂಬಿಸಿ ನೋಡೋಣ, ಲೆಕ್ಕ ಅಲ್ಲಿಂದ ಶುರುವಾಗಲಿ ಎಂದು ಅಕ್ಕನೂ ನಾನೂ ಒಪ್ಪಿಕೊಂಡೆವು.

ದಡ ಬಂದಾಗ ಆ ಹೆಂಗಸು ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು, ಯಾವ ಊರು ಎಂದು ಕೇಳಿದರು. "ಹಾವೇರಿ, ವರದಾ ಹೊಳೆಯ ಕಡೆ" ಎಂದಳು ಅಕ್ಕ. ಆ ಹೊಳೆಯಲ್ಲಿ ಯಾವ ಮೀನು ಸಿಗುತ್ತದೆ ಎಂಬುದು ಅವರ ಮುಂದಿನ ಪ್ರಶ್ನೆ. ಅಕ್ಕ ನನ್ನ ಮುಖ ನೋಡಿದಳು. ಇಬ್ಬರಿಗೂ ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇವೆ ಎಂದೆವು. ಆಷಾಢದಲ್ಲಿ ಬನ್ನಿ, ಹೊಳೆ ಕೆಂಪಾಗಿ ಕಡಲಿಗೆ ನುಗ್ಗುವುದನ್ನು ತೋರಿಸುತ್ತೇನೆ, ಆದರೆ ಆಗ ದೋಣಿ ಬಿಡುವುದು ಖಾತ್ರಿಯಿಲ್ಲ, ಕುಮಟೆಯ ಮೇಲಿಂದ ರಸ್ತೆಯಲ್ಲೇ ಬನ್ನಿ ಎಂದು ದಾರಿಯನ್ನೂ ಹೇಳಿಕೊಟ್ಟರು.